ರ‍್ಯಾಮ್ ಮೊದಲು, ಉಳಿದದ್ದು ಆಮೇಲೆ: ವಿದ್ಯಾರ್ಥಿಗೆ ಕಂಪ್ಯೂಟರ್ ಕೊಳ್ಳುವ ಬಗೆ

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜುಗಳು ಶುರುವಾಗುವ ಹೊತ್ತಿಗೆ ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಕಡೆ ಮಗ ಅಥವಾ ಮಗಳು, ಇನ್ನೊಂದು ಕಡೆ ಕೂಡಿಟ್ಟ ಹಣವನ್ನು ಎಣಿಸಿಕೊಂಡು ಬಂದ ಅಪ್ಪ ಅಮ್ಮ, ನಡುವೆ ಅಂಗಡಿಯವರ ಮೊದಲ ಪ್ರಶ್ನೆ: ‘ಬಜೆಟ್ ಎಷ್ಟು ಸಾರ್?’ ಕೋರ್ಸ್ ಯಾವುದು, ಮೂರನೆಯ ಸೆಮಿಸ್ಟರಿನಲ್ಲಿ ಯಾವ ತಂತ್ರಾಂಶ ಕಲಿಯಬೇಕಾಗುತ್ತದೆ ಎಂದು ಕೇಳುವವರು ಬಹಳ ಕಡಿಮೆ. ಆ ಪ್ರಶ್ನೆಯನ್ನು ಮನೆಯಲ್ಲೇ ಕೇಳಿಕೊಂಡು ಹೊರಡಬೇಕು ಎಂಬುದೇ ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿ ಅದನ್ನು ಕೇಳಿಕೊಳ್ಳದೆ ಹೋದದ್ದರ ಫಲವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಅಕ್ಕನ ಮಗಳು ವಾಸ್ತುಶಿಲ್ಪದ ಕೋರ್ಸಿಗೆ ಸೇರಿದಾಗ ತೆಳ್ಳಗೆ, ಹಗುರವಾಗಿ, ನೋಡಲು ಚೆನ್ನಾಗಿದ್ದ ಒಂದು ಲ್ಯಾಪ್‌ಟಾಪನ್ನು ಮನೆಯವರೆಲ್ಲ ಒಪ್ಪಿ ತಂದೆವು. 8 ಜಿಬಿ ರ‍್ಯಾಮ್ (ತೆರೆದಿರುವ ಕೆಲಸವನ್ನು ಯಂತ್ರ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ) ಇತ್ತು. ‘ಬೇಕಾದರೆ ಮುಂದೆ ಹಾಕಿಸಿಕೊಳ್ಳಬಹುದು’ ಎಂದು ಅಂಗಡಿಯವರು ಹೇಳಿದ್ದರು. ಎರಡನೆಯ ವರ್ಷ ಕಟ್ಟಡ ವಿನ್ಯಾಸದ ತಂತ್ರಾಂಶವಾದ ರೆವಿಟ್ ಕಲಿಯುವ ಹೊತ್ತಿಗೆ ಅದು ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿಂತು ಯೋಚಿಸತೊಡಗಿತು. ರ‍್ಯಾಮ್ ಹಾಕಿಸಲು ಹೋದಾಗ ತಂತ್ರಜ್ಞರು ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರು: ಒಳಗೆ ಅದನ್ನು ಕೂರಿಸುವ ಸ್ಲಾಟೇ ಇರಲಿಲ್ಲ, ರ‍್ಯಾಮ್ ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು. ಡಿಸ್ಕ್ ಸಾಲದಿದ್ದರೆ ಹೊರಗಿನಿಂದ ಒಂದು ಜೋಡಿಸಬಹುದು, ಪರದೆ ಚಿಕ್ಕದಾದರೆ ಮಾನಿಟರ್ ಇಡಬಹುದು, ಕೀಬೋರ್ಡ್ ಹಿಡಿಸದಿದ್ದರೆ ಬೇರೆಯದು ಕೊಳ್ಳಬಹುದು. ಬೆಸುಗೆ ಹಾಕಿದ ರ‍್ಯಾಮ್ ಕಡಿಮೆಯಾದರೆ ಮಾತ್ರ ಮಾಡುವಂಥದ್ದೇನೂ ಇರುವುದಿಲ್ಲ. ಹಾಗಾಗಿಯೇ ಕಡಿಮೆ ಹಣದಲ್ಲಿ ಕಂಪ್ಯೂಟರ್ ಕೊಳ್ಳುವವರು ಮೊದಲು ತೀರ್ಮಾನಿಸಬೇಕಾದದ್ದು ರ‍್ಯಾಮ್ ಎಂದು ನಾನು ಒತ್ತಿ ಹೇಳುತ್ತೇನೆ.

ಮೊದಲ ಹೆಜ್ಜೆ: ‘ಮೆಮೊರಿ’ ಎಂದರೆ ಯಾವುದು?

ಅಂಗಡಿಯ ಮಾತಿನಲ್ಲಿ ‘512 ಜಿಬಿ ಮೆಮೊರಿ ಇದೆ’ ಎಂಬುದು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಕಡತಗಳನ್ನು ಉಳಿಸಿಡುವ ಡಿಸ್ಕಿನ ಅಳತೆ, ರ‍್ಯಾಮಿನದಲ್ಲ. ಮೊಬೈಲ್ ಕೊಂಡು ಅಭ್ಯಾಸವಾದವರಿಗೆ ಈ ಗೊಂದಲ ಇನ್ನೂ ಹೆಚ್ಚು.

ಮದುವೆಮನೆಯ ಅಡುಗೆಯನ್ನು ನೆನೆಸಿಕೊಂಡರೆ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಡಿಸ್ಕ್ ಎಂದರೆ ಉಗ್ರಾಣ. ಅಕ್ಕಿ, ಬೇಳೆ, ತೆಂಗಿನಕಾಯಿ ಎಲ್ಲವೂ ಅಲ್ಲಿರುತ್ತವೆ. ರ‍್ಯಾಮ್ ಎಂದರೆ ಅಡುಗೆಯವರ ಮುಂದಿರುವ ಕಟ್ಟೆ. ಈ ಗಳಿಗೆಯಲ್ಲಿ ಹೆಚ್ಚುತ್ತಿರುವ, ಬೆರೆಸುತ್ತಿರುವ ಸಾಮಾನು ಮಾತ್ರ ಅದರ ಮೇಲಿರಬೇಕು. ಕಟ್ಟೆ ಚಿಕ್ಕದಾದರೆ ಉಗ್ರಾಣ ಎಷ್ಟು ದೊಡ್ಡದಿದ್ದರೂ ಅಡುಗೆಯವರು ಒಂದನ್ನು ಒಳಗಿಟ್ಟು ಇನ್ನೊಂದನ್ನು ಹೊರತರುತ್ತ ಓಡಾಡುತ್ತಲೇ ಇರಬೇಕಾಗುತ್ತದೆ. ಕಂಪ್ಯೂಟರಿನಲ್ಲಿಯೂ ರ‍್ಯಾಮ್ ತುಂಬಿದಾಗ ವಿಂಡೋಸ್ ಹೀಗೆಯೇ ಒಂದಷ್ಟು ದತ್ತಾಂಶವನ್ನು ಡಿಸ್ಕಿನ ಮೇಲಿರುವ ಪೇಜ್ ಫೈಲಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ತಿರುಗುವ ಭಾಗಗಳಿಲ್ಲದ ಡಿಸ್ಕಾದ ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ‍್ಯಾಮಿನ ವೇಗದ ಹತ್ತಿರಕ್ಕೆ ಬರುವುದಿಲ್ಲವಾದ್ದರಿಂದ ಆ ಓಡಾಟವೇ ನಮಗೆ ‘ಹ್ಯಾಂಗ್’ ಆಗಿ ಕಾಣುತ್ತದೆ.

ಮೂರನೆಯದೂ ಒಂದಿದೆ. ಗ್ರಾಫಿಕ್ಸ್ ಕಾರ್ಡಿನ ಮೇಲೆ ‘4 ಜಿಬಿ’ ಎಂದು ಬರೆದಿದ್ದರೆ ಅದು ಆ ಕಾರ್ಡಿನ ಸ್ವಂತ ಮೆಮೊರಿ. ಅದನ್ನು ರ‍್ಯಾಮಿನ ಲೆಕ್ಕಕ್ಕೆ ಸೇರಿಸುವಂತಿಲ್ಲ. ಪ್ರತ್ಯೇಕ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗವು ರ‍್ಯಾಮಿನಲ್ಲೇ ಒಂದು ಪಾಲನ್ನು ತನಗೆಂದು ತೆಗೆದುಕೊಳ್ಳುತ್ತದೆ. 8 ಜಿಬಿಯ ಯಂತ್ರದಲ್ಲಿ ‘ಬಳಕೆಗೆ ಸಿಗುವುದು 7 ಚಿಲ್ಲರೆ’ ಎಂದು ತೋರಿಸಿದರೆ ಮೋಸವಾಗಿದೆ ಎಂದು ಗಾಬರಿಯಾಗಬೇಕಿಲ್ಲ, ಆದರೆ ಆ ಪಾಲು ಹೋದ ಮೇಲೆ ಉಳಿಯುವುದೇ ನಿಮ್ಮ ಕಟ್ಟೆ ಎಂಬುದು ನೆನಪಿರಲಿ.

ಎರಡನೆಯ ಹೆಜ್ಜೆ: ತಂತ್ರಾಂಶಗಳ ಪಟ್ಟಿ

ಒಂದು ಹಾಳೆಯಲ್ಲಿ ಕೋರ್ಸಿನ ಎಲ್ಲ ವರ್ಷಗಳ ತಂತ್ರಾಂಶಗಳನ್ನು ಬರೆಯಿರಿ. ಪಠ್ಯಕ್ರಮದ ಪ್ರತಿ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಸಿಗುತ್ತದೆ; ಪ್ರಯೋಗಾಲಯದ ವಿಷಯಗಳ ಕೆಳಗೆ ಯಾವ ತಂತ್ರಾಂಶ ಬಳಸಬೇಕೆಂದು ಬರೆದಿರುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಅದೇ ಕಾಲೇಜಿನ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕೇಳುವುದು. ಪಠ್ಯಕ್ರಮದಲ್ಲಿ ಇಲ್ಲದಿದ್ದರೂ ಪ್ರಾಜೆಕ್ಟಿಗೆಂದು ಎಲ್ಲರೂ ಬಳಸುವ ತಂತ್ರಾಂಶ ಯಾವುದು, ಕಾಲೇಜಿನ ಲ್ಯಾಬ್ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬುದು ಅವರಿಗೇ ಗೊತ್ತಿರುತ್ತದೆ. ಪ್ರತಿಯೊಂದು ತಂತ್ರಾಂಶದ ತಯಾರಕರ ಜಾಲತಾಣದಲ್ಲಿ ‘ಕನಿಷ್ಠ’ ಮತ್ತು ‘ಶಿಫಾರಸು’ ಎಂಬ ಎರಡು ಅಳತೆಗಳಿರುತ್ತವೆ. ಎರಡನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ.

ಬಿ.ಕಾಂ. ಮತ್ತು ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಹೆಚ್ಚಿನ ಹೊರೆಯಿಲ್ಲ. ಬೆಂಗಳೂರಿನದೇ ಆದ ಟ್ಯಾಲಿ, ಎಕ್ಸೆಲ್, ವರ್ಡ್, ಕನ್ನಡ ಬರವಣಿಗೆಗೆ ನುಡಿ, ಜೊತೆಗೆ ಬ್ರೌಸರ್ ಇಷ್ಟಕ್ಕೆ 8 ಜಿಬಿ ಸಾಕು. ಟ್ಯಾಲಿಯಲ್ಲಿ ಪರವಾನಗಿಯಿಲ್ಲದೆ ಕಲಿಯಲು ಎಜುಕೇಶನಲ್ ಮೋಡ್ ಇದೆ. ಅದರಲ್ಲಿ ತಿಂಗಳಿನ ಕೆಲವೇ ದಿನಾಂಕಗಳಿಗೆ ವೋಚರ್ ಬರೆಯಬಹುದು, ಅಭ್ಯಾಸಕ್ಕೆ ಅಷ್ಟು ಸಾಲುತ್ತದೆ. ಟ್ಯಾಲಿಗೆ ವಿಂಡೋಸ್ ಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಬಿಸಿಎ, ಬಿ.ಎಸ್ಸಿ. ಮತ್ತು ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸ್ಥಿತಿ ಮೊದಲ ವರ್ಷದಲ್ಲಿ ಒಂದು, ಆಮೇಲೆ ಇನ್ನೊಂದು. ಸಿ, ಪೈಥಾನ್, ಜಾವಾ ಕಲಿಯಲು ಹಳೆಯ ಯಂತ್ರವೂ ಸಾಕು. ಆದರೆ ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋಗೆ ಗೂಗಲ್ ಹೇಳುವ ಕನಿಷ್ಠ ಅಳತೆ 8 ಜಿಬಿ, ಪರದೆಯ ಮೇಲೆಯೇ ಮೊಬೈಲನ್ನು ಅನುಕರಿಸುವ ಎಮ್ಯುಲೇಟರ್ ಸೇರಿದರೆ 16 ಜಿಬಿ. (ಎಮ್ಯುಲೇಟರ್ ಬದಲು ನಿಜವಾದ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಪರೀಕ್ಷಿಸಿದರೆ ಈ ಹೊರೆಯ ದೊಡ್ಡ ಭಾಗ ಇಳಿಯುತ್ತದೆ, 8 ಜಿಬಿಯಲ್ಲಿ ದಿನ ದೂಡುತ್ತಿರುವವರು ಇದನ್ನು ಮಾಡಿನೋಡಬೇಕು.) ಡಾಕರ್, ವರ್ಚುವಲ್ ಬಾಕ್ಸ್, ವಿಂಡೋಸಿನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಇವೆಲ್ಲ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಕೂರಿಸುವಂಥವು. ಒಳಗಿನ ಯಂತ್ರಕ್ಕೆ 4 ಜಿಬಿ ಕೊಟ್ಟರೆ ಹೊರಗಿನ ಯಂತ್ರಕ್ಕೆ ಅಷ್ಟು ಕಡಿಮೆಯಾಗುತ್ತದೆ. ಇಂಥ ಕೋರ್ಸಿಗೆ 16 ಜಿಬಿಗಿಂತ ಕಡಿಮೆ ಕೊಳ್ಳಬೇಡಿ.

ಸಿವಿಲ್, ಮೆಕ್ಯಾನಿಕಲ್ ಮತ್ತು ವಾಸ್ತುಶಿಲ್ಪದವರು ಇನ್ನೂ ಎಚ್ಚರದಿಂದಿರಬೇಕು. ಆಟೋಕ್ಯಾಡ್‌ನ 2024ರ ಆವೃತ್ತಿಗೆ ಕನಿಷ್ಠ 8 ಜಿಬಿ, ಶಿಫಾರಸು 32 ಜಿಬಿ. ಯಂತ್ರಭಾಗಗಳ ವಿನ್ಯಾಸದ ಸಾಲಿಡ್‌ವರ್ಕ್ಸ್ ಮತ್ತು ರೆವಿಟ್ ಎರಡೂ 16 ಜಿಬಿಯಿಂದಲೇ ಆರಂಭವಾಗುತ್ತವೆ. ಎರಡು ಆಯಾಮದ ನಕ್ಷೆಗೆ ಆಟೋಕ್ಯಾಡ್ ಬಳಸುವ ಡಿಪ್ಲೊಮಾ ವಿದ್ಯಾರ್ಥಿಗೆ 32 ಜಿಬಿಯ ಅಗತ್ಯ ಖಂಡಿತ ಇಲ್ಲ, 16 ಧಾರಾಳವಾಯಿತು. ದೊಡ್ಡ ಕಟ್ಟಡದ ಮಾದರಿಯನ್ನು ರೆವಿಟ್‌ನಲ್ಲಿ ತೆರೆದಿಟ್ಟು, ಪಕ್ಕದಲ್ಲೇ ಫೋಟೋಶಾಪ್‌ನಲ್ಲಿ ಶೀಟುಗಳನ್ನು ಸಿದ್ಧಪಡಿಸುವ ವಾಸ್ತುಶಿಲ್ಪದ ವಿದ್ಯಾರ್ಥಿಗೆ 16 ಮೂರನೆಯ ವರ್ಷದ ಹೊತ್ತಿಗೆ ಬಿಗಿಯಾಗುತ್ತದೆ. ಹಾಗೆಂದು ಮೊದಲ ದಿನವೇ 32 ಕೊಳ್ಳಬೇಕಿಲ್ಲ. 32ಕ್ಕೆ ಏರಿಸಬಹುದಾದ ಯಂತ್ರ ಕೊಂಡರೆ ಸಾಕು. ಆಟೋಕ್ಯಾಡ್, ರೆವಿಟ್ ತಯಾರಿಸುವ ಆಟೋಡೆಸ್ಕ್ ಸಂಸ್ಥೆಯು ಅರ್ಹ ವಿದ್ಯಾರ್ಥಿಗಳಿಗೆ ತನ್ನ ತಂತ್ರಾಂಶಗಳನ್ನು ಉಚಿತವಾಗಿ ಕೊಡುವುದರಿಂದ ಆ ಹಣವನ್ನು ರ‍್ಯಾಮಿಗೆ ತಿರುಗಿಸಬಹುದು.

ಎಲೆಕ್ಟ್ರಾನಿಕ್ಸ್ ಮತ್ತು ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು ಲೆಕ್ಕಾಚಾರಕ್ಕೆ ಬಳಸುವ ಮ್ಯಾಟ್‌ಲ್ಯಾಬ್‌ನ ಈಚಿನ ಆವೃತ್ತಿಗಳಿಗೆ ಕನಿಷ್ಠ 8, ಶಿಫಾರಸು 16 ಜಿಬಿ. ಕಾಲೇಜು ಅದರ ಪರವಾನಗಿ ಪಡೆದಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಉಚಿತವಾದ ಸೈಲ್ಯಾಬ್ ಕಲಿಯಬಹುದು, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಅದರ ಪಾಠಗಳೂ ಇವೆ. ದೃಶ್ಯ ಮಾಧ್ಯಮದವರ ಫೋಟೋಶಾಪ್‌ಗೆ ಕನಿಷ್ಠ 8, ಶಿಫಾರಸು 16. ಮೂರು ಆಯಾಮದ ಚಿತ್ರಗಳ ಬ್ಲೆಂಡರ್‌ಗೆ ಕನಿಷ್ಠ 8, ಶಿಫಾರಸು 32.

ಕೃತಕ ಬುದ್ಧಿಮತ್ತೆ ಮತ್ತು ಡೇಟಾ ಸೈನ್ಸ್ ಎಂದ ಕೂಡಲೇ ದುಬಾರಿ ಗ್ರಾಫಿಕ್ಸ್ ಕಾರ್ಡಿನ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವ ರೂಢಿಯೊಂದು ಬಂದಿದೆ. ಕಲಿಕೆಯ ಹಂತದ ಮಾದರಿಗಳನ್ನು ಗೂಗಲ್ ಕೊಲ್ಯಾಬ್ ಅಥವಾ ಕ್ಯಾಗಲ್‌ನಲ್ಲಿ, ಮಿತಿಯೊಳಗೆ, ಹಣ ಕೊಡದೆ ಅವರದೇ ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಬಳಸಿಯೇ ತರಬೇತುಗೊಳಿಸಬಹುದು. ಸ್ವಂತ ಯಂತ್ರದಲ್ಲಿ ನಿಜವಾಗಿ ಬೇಕಾಗುವುದು ರ‍್ಯಾಮ್, ಏಕೆಂದರೆ ಪೈಥಾನ್‌ನ ಪಾಂಡಾಸ್ ಲೈಬ್ರರಿ ಓದುವ ಕಡತವನ್ನು ಪೂರ್ತಿಯಾಗಿ ರ‍್ಯಾಮಿಗೇ ತುಂಬಿಕೊಳ್ಳುತ್ತದೆ. 1 ಜಿಬಿಯ ಸಿಎಸ್‌ವಿ ಕಡತ ಒಳಗೆ ಹೋದ ಮೇಲೆ ಅದರ ಹಲವು ಪಟ್ಟು ಜಾಗ ಹಿಡಿಯಬಹುದು.

ಪಟ್ಟಿ ಸಿದ್ಧವಾದ ಮೇಲೆ ಒಂದು ಸಂಗತಿಯನ್ನು ಗಮನಿಸಿ. ತಯಾರಕರು ಹೇಳುವ ಕನಿಷ್ಠ ಅಳತೆಯಲ್ಲಿ ತಂತ್ರಾಂಶ ತೆರೆದುಕೊಳ್ಳುತ್ತದೆ, ಅಷ್ಟೇ. ಆನ್‌ಲೈನ್ ತರಗತಿ, ಹತ್ತು ಹದಿನೈದು ಬ್ರೌಸರ್ ಟ್ಯಾಬ್‌ಗಳು, ಪಿಡಿಎಫ್ ನೋಟ್ಸ್, ವಾಟ್ಸಾಪ್ ಇವೆಲ್ಲ ಜೊತೆಯಲ್ಲಿ ತೆರೆದಿರುವುದು ವಿದ್ಯಾರ್ಥಿಯ ದಿನನಿತ್ಯದ ಸ್ಥಿತಿ, ಮತ್ತು ಆ ಹೊರೆಯನ್ನು ಯಾವ ತಯಾರಕರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಮೂರನೆಯ ಹೆಜ್ಜೆ: ಅಳೆದು ನೋಡುವುದು

ಸಾಧ್ಯವಿದ್ದವರು ಊಹೆಯನ್ನು ನೆಚ್ಚದೆ ಅಳೆಯಬೇಕು. ಕಾಲೇಜಿನ ಲ್ಯಾಬಿನಲ್ಲೋ ಸ್ನೇಹಿತರ ಮನೆಯಲ್ಲೋ 16 ಜಿಬಿಯ ವಿಂಡೋಸ್ ಯಂತ್ರ ಸಿಕ್ಕರೆ, ನೀವು ಬಳಸುವ ಎಲ್ಲವನ್ನೂ ಒಟ್ಟಿಗೆ ತೆರೆದು ಅರ್ಧ ಗಂಟೆ ಕೆಲಸ ಮಾಡಿ. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಎಂಬುದನ್ನು ಒತ್ತಿ. ‘ಇನ್ ಯೂಸ್’ ಎಂದು ತೋರಿಸುವ ಅಂಕಿಗೆ ಅದರ ಕಾಲು ಭಾಗವನ್ನು ಸೇರಿಸಿದರೆ ಮುಂದಿನ ವರ್ಷಗಳಿಗೂ ಆಗುವ ಅಂದಾಜು ಸಿಗುತ್ತದೆ. ಉದಾಹರಣೆಗೆ 9 ಜಿಬಿ ಬಳಕೆಯಲ್ಲಿದ್ದರೆ ಸುಮಾರು 11 ಬೇಕು, ಎಂದರೆ 16 ಕೊಳ್ಳಬೇಕು. ಇದು ಪುಸ್ತಕದ ಸೂತ್ರವಲ್ಲ, ನನ್ನ ಬಳಕೆಯಲ್ಲಿ ನಿಂತ ಲೆಕ್ಕ. 8 ಜಿಬಿಯ ಯಂತ್ರದಲ್ಲಿ ಅಳೆದರೆ ಮಾತ್ರ ದಾರಿ ತಪ್ಪುತ್ತದೆ. ಜಾಗವಿಲ್ಲದಿದ್ದಾಗ ವಿಂಡೋಸ್ ಬಲವಂತವಾಗಿ ಎಲ್ಲವನ್ನೂ ಕುಗ್ಗಿಸಿ ಇಟ್ಟಿರುತ್ತದೆಯಾದ್ದರಿಂದ ನಿಜವಾದ ಹಸಿವು ಅಲ್ಲಿ ಕಾಣುವುದಿಲ್ಲ.

ನಾಲ್ಕನೆಯ ಹೆಜ್ಜೆ: ಸ್ಲಾಟ್ ಇದೆಯೇ?

ಎಷ್ಟು ಜಿಬಿ ಎಂಬುದು ಗೊತ್ತಾದ ಮೇಲೆ ಅದು ಹೇಗೆ ಕೂತಿದೆ ಎಂದು ಕೇಳಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಮೂರು ಬಗೆಯ ಜೋಡಣೆಗಳು ಸಿಗುತ್ತವೆ: ಪೂರ್ತಿ ಬೆಸುಗೆ ಹಾಕಿದ್ದು; ಒಂದು ಭಾಗ ಬೆಸುಗೆ, ಇನ್ನೊಂದು ಸ್ಲಾಟ್ ಇರುವುದು; ಎರಡೂ ಸ್ಲಾಟ್ ಇರುವುದು. ವಿವರಪಟ್ಟಿಯಲ್ಲಿ ‘ಆನ್‌ಬೋರ್ಡ್’ ಅಥವಾ ‘ಸೋಲ್ಡರ್ಡ್’ ಎಂದಿದ್ದರೆ ಬೆಸುಗೆ. ‘ಸೋಡಿಮ್’ ಎಂದಿದ್ದರೆ ಸ್ಲಾಟ್. ‘ಎಲ್‌ಪಿಡಿಡಿಆರ್’ ಎಂದು ಆರಂಭವಾದರೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಬೆಸುಗೆಯೇ ಎಂದು ತಿಳಿಯಿರಿ. ಪ್ರೊಸೆಸರಿನ ಹೆಸರಿನಿಂದಲೂ ಕೆಲವೊಮ್ಮೆ ಇದು ಗೊತ್ತಾಗುತ್ತದೆ: ಎಎಂಡಿಯ ರೈಜನ್ 3 7320ಯು ಮತ್ತು ರೈಜನ್ 5 7520ಯು ಎಲ್‌ಪಿಡಿಡಿಆರ್5 ಬಗೆಯ ರ‍್ಯಾಮಿನೊಡನೆ ಮಾತ್ರ ಕೆಲಸ ಮಾಡುತ್ತವೆ. ಆದ್ದರಿಂದ ಆ ಪ್ರೊಸೆಸರಿನ 8 ಜಿಬಿ ಯಂತ್ರವನ್ನು ಕೊಂಡವರು ಕೊನೆಯವರೆಗೂ 8ರಲ್ಲೇ ಇರಬೇಕು. ‘ರೈಜನ್ 5, 7000 ಸರಣಿ’ ಎಂಬ ಮಾತು ಕೇಳಲು ಚೆನ್ನಾಗಿರುವುದರಿಂದ ಇಲ್ಲಿ ಎಡವುವವರು ಬಹಳ.

ಮಾದರಿಯ ಸಾಮಾನ್ಯ ಹೆಸರನ್ನು ನಂಬಬೇಡಿ; ಒಂದೇ ಹೆಸರಿನಡಿ ಹತ್ತಾರು ರೂಪಗಳಿರುತ್ತವೆ. ಪೆಟ್ಟಿಗೆಯ ಮೇಲಿನ ಪೂರ್ಣ ಮಾದರಿ ಸಂಖ್ಯೆಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು, ತಯಾರಕರ ಜಾಲತಾಣದಲ್ಲಿ ‘ಗರಿಷ್ಠ ರ‍್ಯಾಮ್’ ಮತ್ತು ‘ಸ್ಲಾಟ್‌ಗಳ ಸಂಖ್ಯೆ’ ಎರಡನ್ನೂ ಓದಿ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರ ಚಾಲೂ ಇದ್ದರೆ ಆಗಲೇ ಹೇಳಿದ ಟಾಸ್ಕ್ ಮ್ಯಾನೇಜರ್ ಪುಟದಲ್ಲೇ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಾಗಿವೆ ಎಂಬುದು ಕಾಣುತ್ತದೆ. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆ ಎಂದರ್ಥ. ಬೆಸುಗೆಯ ರ‍್ಯಾಮನ್ನೂ ಆ ಪುಟ ಕೆಲವೊಮ್ಮೆ ಸ್ಲಾಟ್ ಎಂದೇ ಎಣಿಸುವುದರಿಂದ ಎರಡು ಸಾಲುಗಳನ್ನೂ ಒಟ್ಟಿಗೆ ಓದಬೇಕು.

ಎರಡು ಸ್ಲಾಟ್‌ಗಳಿದ್ದಲ್ಲಿ 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿಗಿಂತ (ಸ್ಲಾಟಿನಲ್ಲಿ ಕೂರುವ ತುಂಡು) 8ರ ಎರಡು ಪಟ್ಟಿಗಳು ಗ್ರಾಫಿಕ್ಸ್ ಕೆಲಸಕ್ಕೆ ಮೇಲು, ಏಕೆಂದರೆ ಆಗ ಪ್ರೊಸೆಸರ್ ಎರಡು ದಾರಿಗಳಲ್ಲಿ ಏಕಕಾಲಕ್ಕೆ ದತ್ತಾಂಶ ಎಳೆದುಕೊಳ್ಳುತ್ತದೆ. ಇದನ್ನು ಡ್ಯುಯಲ್ ಚಾನೆಲ್ ಎನ್ನುತ್ತಾರೆ. ಆದರೆ ಮುಂದೆ 32 ಬೇಕಾಗಬಹುದಾದವರು 16ರ ಒಂದನ್ನೇ ಹಾಕಿಸಿ ಇನ್ನೊಂದು ಸ್ಲಾಟನ್ನು ಖಾಲಿ ಬಿಡುವುದರಲ್ಲಿ ಹಣದ ಉಳಿತಾಯವಿದೆ. ನಾನಾದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ.

ಬೆಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಚಿಪ್ ತಯಾರಕರು ದತ್ತಾಂಶ ಕೇಂದ್ರಗಳ ಬೇಡಿಕೆಯ ಕಡೆ ತಿರುಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ‘8 ಜಿಬಿ ತಗೊಂಡು ಆಮೇಲೆ ಸಾವಿರ ಚಿಲ್ಲರೆಗೆ ಇನ್ನೊಂದು 8 ಹಾಕಿಸಿ’ ಎಂಬ ಹಳೆಯ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ಒಂದೇ ಮಾದರಿಯ 8 ಮತ್ತು 16 ಜಿಬಿ ರೂಪಗಳ ಬೆಲೆಯ ವ್ಯತ್ಯಾಸವನ್ನೂ, ಅದೇ ದಿನ ಬಿಡಿಯಾಗಿ ಸಿಗುವ 8 ಜಿಬಿ ಪಟ್ಟಿಯ ಬೆಲೆಯನ್ನೂ ಪಕ್ಕಪಕ್ಕ ಬರೆದು ಹೋಲಿಸಿ; ಯಾವುದು ಕಡಿಮೆಯೋ ಅದು ನಿಮ್ಮ ದಾರಿ.

ಐದನೆಯ ಹೆಜ್ಜೆ: ಎಲ್ಲಿ ಕಡಿತ ಮಾಡಬಹುದು

ರ‍್ಯಾಮಿಗೆ ಹಣ ಹೊಂದಿಸಲು ಬೇರೆಡೆ ಉಳಿಸಬೇಕಾಗುತ್ತದೆ. ಡಿಸ್ಕ್ 512 ಜಿಬಿಯ ಎಸ್‌ಎಸ್‌ಡಿ ಇದ್ದರೆ ಸಾಕು. ತಿರುಗುವ ಹಾರ್ಡ್ ಡಿಸ್ಕ್ ಮಾತ್ರ ಇರುವ ಯಂತ್ರವನ್ನೂ, ಇಎಂಎಂಸಿ ಎಂದು ಬರೆದ ಅಗ್ಗದ ಯಂತ್ರವನ್ನೂ ಬಿಟ್ಟುಬಿಡಿ. (512 ಎಂದದ್ದು ವಿಂಡೋಸಿನಲ್ಲಿ 476 ಎಂದು ಕಾಣುವುದು ಎಣಿಕೆಯ ವಿಧಾನದ ವ್ಯತ್ಯಾಸವೇ ಹೊರತು ಕೊರತೆಯಲ್ಲ.) ಪ್ರೊಸೆಸರಿನಲ್ಲಿ ಐ7ರ ಬದಲು ಐ5, ಎಷ್ಟೋ ಸಲ ಐ3 ಕೂಡ ಸಾಲುತ್ತದೆ. 8 ಜಿಬಿಯ ಐ7ಗಿಂತ 16 ಜಿಬಿಯ ಐ3 ವಿದ್ಯಾರ್ಥಿಯ ಕೈಯಲ್ಲಿ ಹೆಚ್ಚು ದಿನ ಬಾಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಣ್ಣದ ಕೀಬೋರ್ಡ್ ಬೆಳಕು, ಮುಟ್ಟಿದರೆ ಕೆಲಸ ಮಾಡುವ ಪರದೆ, ಬೆರಳಚ್ಚು ಇವ್ಯಾವುವೂ ತಂತ್ರಾಂಶ ನಡೆಸುವುದಿಲ್ಲ.

ಕಡಿತ ಮಾಡಬಾರದ ಒಂದು ಕಡೆಯಿದೆ. ಕ್ರೋಮ್‌ಬುಕ್ ಎಷ್ಟೇ ಅಗ್ಗವಾದರೂ ಅದರಲ್ಲಿ ವಿಂಡೋಸಿನ ತಂತ್ರಾಂಶಗಳು ನಡೆಯುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಎಂಜಿನಿಯರಿಂಗ್ ತಂತ್ರಾಂಶಗಳಿಗೆ ಬೆಂಬಲವಿಲ್ಲ. ಮ್ಯಾಕ್‌ಬುಕ್ ಏರ್ 2024ರ ಅಕ್ಟೋಬರಿನಿಂದ 16 ಜಿಬಿಯಿಂದಲೇ ಆರಂಭವಾಗುತ್ತಿದ್ದರೂ ಸಾಲಿಡ್‌ವರ್ಕ್ಸ್ ಮತ್ತು ರೆವಿಟ್ ಅದಕ್ಕೆಂದು ಸಿದ್ಧವಾಗಿಲ್ಲ. ನಿಮ್ಮ ಪಟ್ಟಿಯೊಂದಿಗೆ ತಾಳೆ ನೋಡದೆ ಈ ಮೂರರಲ್ಲಿ ಯಾವುದನ್ನೂ ಕೊಳ್ಳಬೇಡಿ.

ಆರನೆಯ ಹೆಜ್ಜೆ: ಹೊಸದೋ, ಹಳೆಯದೋ, ಡೆಸ್ಕ್‌ಟಾಪೋ

ಮನೆಯಿಂದಲೇ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಗೆ ಡೆಸ್ಕ್‌ಟಾಪ್ ಈಗಲೂ ಅತ್ಯುತ್ತಮ ಲೆಕ್ಕ. ಅದೇ ಹಣಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ, ಸಾಮಾನ್ಯ ಮದರ್‌ಬೋರ್ಡಿನಲ್ಲಿ ಕನಿಷ್ಠ ಎರಡು ಸ್ಲಾಟ್‌ಗಳಿರುತ್ತವೆ, ಕೆಟ್ಟ ಭಾಗವನ್ನು ಮಾತ್ರ ಬದಲಿಸಬಹುದು. ಬೋರ್ಡ್ ಕೊಳ್ಳುವಾಗ ಅದು ಡಿಡಿಆರ್4ರದೋ ಡಿಡಿಆರ್5ರದೋ ಎಂದು ಬಿಲ್ಲಿನಲ್ಲಿ ಬರೆಸಿ. ಒಂದರ ಪಟ್ಟಿ ಇನ್ನೊಂದರ ಸ್ಲಾಟಿನಲ್ಲಿ ಕೂರುವುದಿಲ್ಲ. ಮಳೆಗಾಲದ ಸಂಜೆಗಳಲ್ಲಿ ಕರೆಂಟು ಹೋಗುವ ಬಡಾವಣೆಗಳಲ್ಲಿರುವವರು ಯುಪಿಎಸ್‌ನ ವೆಚ್ಚವನ್ನೂ ಸೇರಿಸಿಕೊಳ್ಳಬೇಕು. ಪಿ.ಜಿ.ಯ ಒಂದು ಮಂಚದ ಜಾಗದಲ್ಲಿ ಇರುವವರಿಗೆ, ಲ್ಯಾಬಿಗೆ ಹೊತ್ತುಕೊಂಡು ಹೋಗಬೇಕಾದವರಿಗೆ ಇದು ಆಗದ ಮಾತು.

ಲ್ಯಾಪ್‌ಟಾಪೇ ಬೇಕು, ಹಣ ಕಡಿಮೆ ಎನ್ನುವವರಿಗೆ ಕಂಪನಿಗಳಿಂದ ಹೊರಬಂದ ರಿಫರ್ಬಿಶ್ಡ್ (ಸರಿಪಡಿಸಿ ಮತ್ತೆ ಮಾರುವ) ಲ್ಯಾಪ್‌ಟಾಪ್‌ಗಳನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಇಷ್ಟು ಕಚೇರಿಗಳಿರುವ ಬೆಂಗಳೂರಿನಲ್ಲಿ ಅವು ಹೇರಳವಾಗಿ ಸಿಗುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಸರಣಿಗಳು ಗಟ್ಟಿಮುಟ್ಟಾದವು. ಇಲ್ಲಿಯೂ ಅಕ್ಷರಗಳನ್ನು ಗಮನಿಸಬೇಕು: ಥಿಂಕ್‌ಪ್ಯಾಡ್ ಟಿ480ಯಲ್ಲಿ ಎರಡು ರ‍್ಯಾಮ್ ಸ್ಲಾಟ್‌ಗಳಿದ್ದರೆ, ಟಿ480ಎಸ್‌ನಲ್ಲಿ ಒಂದು ಭಾಗ ಬೆಸುಗೆ, ಒಂದೇ ಸ್ಲಾಟ್.

ಹಳೆಯ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಪ್ರೊಸೆಸರಿನ ಪೀಳಿಗೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಇಂಟೆಲ್‌ನಲ್ಲಿ ಬಹುತೇಕ 8ನೆಯ ಪೀಳಿಗೆಯಿಂದ ಮುಂದಿನದನ್ನು ಮಾತ್ರ ಅಧಿಕೃತವಾಗಿ ಒಪ್ಪುತ್ತದೆ. ಐ5-8350ಯು ಎಂಬಲ್ಲಿ ಅಡ್ಡಗೆರೆಯ ನಂತರದ 8 ಪೀಳಿಗೆಯನ್ನು ಸೂಚಿಸುತ್ತದೆ. ಐ5-1235ಯು ಎಂಬಲ್ಲಿ 12. ಐ7-6600ಯು ಎಂಬುದನ್ನು ‘ಐ7 ಸಾರ್’ ಎಂದು ಕೊಡಲು ಬಂದರೆ ಬೇಡವೆನ್ನಿ. ಎರಡನೆಯದು ಬಯಾಸ್, ಎಂದರೆ ವಿಂಡೋಸಿಗೂ ಮೊದಲು ಚಾಲೂ ಆಗುವ ಮೂಲ ತಂತ್ರಾಂಶ: ಯಂತ್ರ ಆರಂಭವಾಗುವಾಗ ಬಯಾಸ್ ಸೆಟ್ಟಿಂಗ್‌ಗೆ ಹೋಗಿ, ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಕೇಳಿದರೆ ಆ ಯಂತ್ರವನ್ನು ಅಲ್ಲೇ ಬಿಡಿ. ಮೂರನೆಯದು ಬ್ಯಾಟರಿ, ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆದು, ಮೂಲ ಸಾಮರ್ಥ್ಯಕ್ಕೂ ಈಗ ಪೂರ್ತಿ ಚಾರ್ಜಾದಾಗಿನ ಸಾಮರ್ಥ್ಯಕ್ಕೂ ಇರುವ ಅಂತರವನ್ನು ನೋಡಬೇಕು. ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಎಸ್‌ಎಸ್‌ಡಿಯ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಒಂದು ನಿಮಿಷದಲ್ಲಿ ತೋರಿಸುತ್ತದೆ.

ಏಳನೆಯ ಹೆಜ್ಜೆ: ಅಂಗಡಿಯಲ್ಲಿ

ಎಸ್.ಪಿ. ರಸ್ತೆಗೆ ಹಸಿರು ಮಾರ್ಗದ ಮೆಟ್ರೋದಲ್ಲಿ ಹೋಗಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಇಳಿದು ನಡೆಯುವುದೇ ಲೇಸು. ಅಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ವಾರದ ದಿನ, ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಅವರಿಗೂ ಮಾತನಾಡಲು ಸಮಯವಿರುತ್ತದೆ. ಹೊರಡುವ ಮುನ್ನ ಅದೇ ಮಾದರಿಯ ಆನ್‌ಲೈನ್ ಬೆಲೆಯನ್ನು ಬರೆದುಕೊಂಡಿರಬೇಕು, ಮತ್ತು ಕನಿಷ್ಠ ಮೂರು ಅಂಗಡಿಗಳಲ್ಲಿ ಕೇಳದೆ ಹಣ ಕೊಡಬಾರದು.

ಬೆಲೆ ಕೇಳುವಾಗ ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿ. ‘ಬಿಲ್ ಬೇಡವಾದರೆ ಕಡಿಮೆ ಮಾಡಿಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಬೇಡಿ. ಯಂತ್ರದ ಸೀರಿಯಲ್ ಸಂಖ್ಯೆ, ರ‍್ಯಾಮಿನ ಅಳತೆ ಮತ್ತು ಬಗೆ, ಎಸ್‌ಎಸ್‌ಡಿಯ ಅಳತೆ, ವಾರಂಟಿಯ ಅವಧಿ ಇಷ್ಟೂ ಬಿಲ್ಲಿನಲ್ಲಿರಬೇಕು. ಬಿಲ್ಲಿಲ್ಲದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೂ ನಿಮ್ಮ ಮಾತಿಗೆ ಆಧಾರವಿರುವುದಿಲ್ಲ. ಹೊಸ ಲ್ಯಾಪ್‌ಟಾಪಿಗೆ ಅಂಗಡಿಯವರೇ ಹೆಚ್ಚುವರಿ ರ‍್ಯಾಮ್ ಹಾಕಿಕೊಡುವುದಾದರೆ, ಮುಚ್ಚಳ ತೆಗೆಯುವುದರಿಂದ ತಯಾರಕರ ವಾರಂಟಿಗೆ ತೊಂದರೆಯಿಲ್ಲವೆಂಬುದನ್ನು ಆ ಕಂಪನಿಯ ಸೇವಾ ಕೇಂದ್ರಕ್ಕೆ ಕರೆ ಮಾಡಿ ಖಚಿತಪಡಿಸಿಕೊಂಡ ಬಳಿಕವೇ ಒಪ್ಪಬೇಕು. ರ‍್ಯಾಮ್ ಪಟ್ಟಿಯನ್ನು ಮುಚ್ಚಿದ ಪೊಟ್ಟಣದಿಂದ ನಿಮ್ಮ ಕಣ್ಣೆದುರೇ ತೆಗೆಯಲಿ.

ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ ಹಣ ಹೊಂದಿಸುತ್ತಿರುವಾಗ ಅಂಗಡಿಯಲ್ಲಿ ಪ್ರಶ್ನೆ ಕೇಳುವ ಕೆಲಸ ನಿಮ್ಮದು. ಪಟ್ಟಿ ನಿಮ್ಮ ಕೈಯಲ್ಲಿರಲಿ, ಸಂಕೋಚಪಡಬೇಡಿ. ಯಂತ್ರವನ್ನು ಚಾಲೂ ಮಾಡಿ ತೋರಿಸಲು ಒಪ್ಪದ ಅಂಗಡಿಯಿಂದ ಎದ್ದುಬರುವುದರಲ್ಲಿ ಅವಮಾನವೇನೂ ಇಲ್ಲ.

ಮನೆಗೆ ತಂದ ಮೊದಲ ವಾರ

ಬದಲಿಸಿಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ದಿನಗಳದ್ದಾಗಿರುವುದರಿಂದ ತಡಮಾಡಬಾರದು. ಮೊದಲ ರಾತ್ರಿಯೇ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬ, ವಿಂಡೋಸಿನಲ್ಲೇ ಇರುವ ಪರೀಕ್ಷೆಯನ್ನು ನಡೆಸಿ. ರ‍್ಯಾಮ್ ಪಟ್ಟಿಯಲ್ಲಿ ದೋಷವಿದ್ದರೆ ಅದರಲ್ಲಿ ಕಂಡುಬರುವ ಸಾಧ್ಯತೆ ಹೆಚ್ಚು. ಮರುದಿನ ಪಟ್ಟಿಯಲ್ಲಿರುವ ಅತ್ಯಂತ ಭಾರದ ತಂತ್ರಾಂಶವನ್ನು ಹಾಕಿ, ಅದರ ಜೊತೆ ಬ್ರೌಸರನ್ನೂ ತೆರೆದು, ಟಾಸ್ಕ್ ಮ್ಯಾನೇಜರಿನ ಅಂಕಿಯನ್ನು ಗಮನಿಸಿ. ಯಂತ್ರ ಆರಂಭವಾದೊಡನೆ ತಾವೇ ಎದ್ದು ಕೂರುವ ಅನಗತ್ಯ ಆ್ಯಪ್‌ಗಳನ್ನು ಸ್ಟಾರ್ಟಪ್ ವಿಭಾಗದಲ್ಲಿ ನಿಲ್ಲಿಸಿದರೆ ಒಂದಷ್ಟು ರ‍್ಯಾಮ್ ಪುಕ್ಕಟೆಯಾಗಿ ಮರಳಿ ಸಿಗುತ್ತದೆ.

ಹೊಸದನ್ನು ಕೊಳ್ಳಲು ಈ ವರ್ಷ ಸಾಧ್ಯವೇ ಇಲ್ಲ ಎನ್ನುವವರು ಇರುವ ಯಂತ್ರದ ಮುಚ್ಚಳ ತೆಗೆಸಿ ನೋಡಿ. ಸ್ಲಾಟ್ ಖಾಲಿಯಿದ್ದರೆ ರ‍್ಯಾಮ್, ಹಾರ್ಡ್ ಡಿಸ್ಕ್ ಇದ್ದರೆ ಅದರ ಜಾಗದಲ್ಲಿ ಎಸ್‌ಎಸ್‌ಡಿ, ಇವೆರಡರಿಂದ ಐದಾರು ವರ್ಷದ ಹಳೆಯ ಯಂತ್ರವೂ ಪದವಿ ಮುಗಿಯುವವರೆಗೆ ಜೊತೆ ಕೊಡಬಹುದು. 4 ಜಿಬಿಯಲ್ಲೇ ಸಿಕ್ಕಿಕೊಂಡ ಯಂತ್ರದಲ್ಲಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಕೊಂಡರೆ ಪೈಥಾನ್, ಸಿ, ಸೈಲ್ಯಾಬ್, ಲಿಬ್ರೆಆಫೀಸ್ ಎಲ್ಲವನ್ನೂ ಕಲಿಯಬಹುದು.

ಅಕ್ಕನ ಮಗಳ ತೆಳ್ಳನೆಯ ಲ್ಯಾಪ್‌ಟಾಪ್ ಈಗ ಬಿ.ಕಾಂ. ಓದುತ್ತಿರುವ ಅವಳ ತಮ್ಮನ ಕೈಯಲ್ಲಿದೆ. ಅವನ ಟ್ಯಾಲಿಗೂ ಎಕ್ಸೆಲ್‌ಗೂ ಅದರ 8 ಜಿಬಿ ಸಲೀಸಾಗಿ ಸಾಲುತ್ತಿದೆ. ಅವಳಿಗೆ ನಾವು ಕೊಂಡದ್ದು ಎರಡು ಸ್ಲಾಟ್‌ಗಳ, ಸ್ವಲ್ಪ ಭಾರದ, ಕಪ್ಪು ಬಣ್ಣದ ಹಳೆಯ ಕಚೇರಿ ಲ್ಯಾಪ್‌ಟಾಪ್. 16 ಜಿಬಿಯ ಒಂದು ಪಟ್ಟಿ ಅದರಲ್ಲಿದೆ, ಇನ್ನೊಂದು ಸ್ಲಾಟ್ ನಾಲ್ಕನೆಯ ವರ್ಷಕ್ಕೆಂದು ಖಾಲಿಯಿದೆ.